ಕೌಬಾಯ್ ಕಾದಂಬರಿಗಳೂ ಡಬ್ಬಿಯ ಮೂಲೆಯ ತುಪ್ಪವೂ

ಕೌಬಾಯ್‌ಗಳನ್ನು ನಾನು ಮೊದಲ ದಿನದಿಂದಲೂ ನಂಬಿದವಳಲ್ಲ. ಬೆಳಗಿನಿಂದ ಸಂಜೆಯವರೆಗೆ ದನ ಅಟ್ಟಿ, ಬೇಲಿ ಕಟ್ಟಿ, ಕುದುರೆಯ ಮೈ ತಿಕ್ಕಿದ ಗಂಡಸೊಬ್ಬ, ಆಮೇಲೂ ಹೆಂಗಸಿನ ಕಣ್ಣಿನ ಬಣ್ಣ ಯಾವುದೆಂದು ಗಮನಿಸುತ್ತಾನೆ ಎಂದರೆ ಅದರಲ್ಲಿ ಏನೋ ಮೋಸವಿದೆ. ನಮ್ಮ ಮನೆಯ ಗಂಡಸರು ಬ್ಯಾಂಕಿನಿಂದ ಬಂದು ಕಾಫಿ ಲೋಟ ಹಿಡಿದರೆ, ಎದುರಿಗೆ ನಿಂತ ಹೆಂಡತಿ ಸುತ್ತಿಕೊಂಡಿರುವುದು ಸೀರೆಯೋ ಕಿಟಕಿಯ ಪರದೆಯೋ ಎಂದು ನೋಡುತ್ತಿರಲಿಲ್ಲ. ಆದರೂ ಜಪಾನಿನಲ್ಲಿದ್ದಾಗ ನಾನು ಇಂಥ ಕಾದಂಬರಿಗಳನ್ನು ರಾಶಿ ರಾಶಿ ಓದಿದೆ. ಓದುವುದೇ ನನ್ನ ಕೆಲಸವಾಗಿತ್ತು.

ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಲೋಕವೇ ಹೆದರಿ ಕೂತಿದ್ದ ಕಾಲ ಅದು. ಇವರು, ಅಂದರೆ ನನ್ನ ಗಂಡ, ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಇಸವಿ ತಿದ್ದುವ ಕೆಲಸಕ್ಕೆ ಟೋಕಿಯೋದ ಸಣ್ಣ ಏಜೆನ್ಸಿಯೊಂದರ ಮೂಲಕ ಬಂದಿದ್ದರು. ಗಂಡನ ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ. ಇಲ್ಲೂ ‘ಇವರು’ ಎಂದೇ ಬರೆಯುತ್ತೇನೆ. ಮದುವೆಯಾದ ಐದನೇ ತಿಂಗಳಿಗೆ ನಾನು ಬಂದು ಟೋಕಿಯೋ ಪಕ್ಕದ ಉರಯಾಸುವಿನ ಎರಡು ಕೋಣೆಯ ಮನೆ ಸೇರಿಕೊಂಡೆ. ನನ್ನ ವೀಸಾ ಇವರ ವೀಸಾಕ್ಕೆ ಕಟ್ಟಿದ ಬಾಲ. ಇವರ ಕೆಲಸ ಇರುವವರೆಗೆ ನಾನು.

ನಗರಸಭೆಯ ನೋಟಿಸ್ ಬೋರ್ಡಿನಲ್ಲಿ ‘ಇಂಗ್ಲಿಷ್ ಓದುಗರು ಬೇಕಾಗಿದ್ದಾರೆ’ ಎಂಬ ಚೀಟಿ ಕಂಡಾಗಲೂ ನನಗೆ ಅನುಮಾನವೇ. ಓದುವುದಕ್ಕೆ ಸಂಬಳ ಕೊಡುವವರು ಯಾರು? ಹೋಗಿ ನೋಡಿದರೆ ಅಮೆರಿಕದ ಪ್ರಣಯ ಕಾದಂಬರಿಗಳನ್ನು ಜಪಾನಿ ಭಾಷೆಗೆ ಅನುವಾದಿಸಿ ಮಾರುವ ಪುಟ್ಟ ಕಚೇರಿ. ಐವತ್ತು ದಾಟಿದ, ಬೂದು ಬಣ್ಣದ ಕೋಟಿನ ಸಂಪಾದಕಿಯೊಬ್ಬರು ಇದ್ದರು. ಅಪ್ಪಟ ಇಂಗ್ಲಿಷ್ ಆಡುತ್ತಿದ್ದರು. ಅವರು ಪುಸ್ತಕ ಕಳಿಸುವುದು, ನಾನು ಓದಿ ಒಂದು ಪುಟದ ವರದಿ ಬರೆಯುವುದು, ಕೊನೆಯ ಚೌಕದಲ್ಲಿ ಒಂದು ಗುರುತು ಹಾಕುವುದು. ವೃತ್ತ ಹಾಕಿದರೆ ಅನುವಾದ ಆಗಬಹುದು, ತ್ರಿಕೋನ ಹಾಕಿದರೆ ಯೋಚಿಸಬಹುದು, ಕತ್ತರಿ ಗುರುತು ಹಾಕಿದರೆ ಮುಗಿಯಿತು. ಮೊದಲ ಎರಡು ತಿಂಗಳು ನಾನು ಬರೀ ಕತ್ತರಿ ಹಾಕಿದೆ.

“ಇಷ್ಟೊಂದು ಸಂಶಯ ಏಕೆ?” ಎಂದು ಸಂಪಾದಕಿ ಕೇಳಿದರು.

“ಸುಳ್ಳು ಕಂಡ ಕಡೆ ಹಾಕಿದ್ದೇನೆ,” ಎಂದೆ.

ಅವರು ನಕ್ಕರು. “ಸುಳ್ಳಿದೆ ಎಂದು ಓದುಗರಿಗೆ ಗೊತ್ತು. ಒಳ್ಳೆಯ ಸುಳ್ಳು ಯಾವುದು ಎಂದು ನನಗೆ ಹೇಳಿ.”

ಅಂದಿನಿಂದ ನಾನು ಆ ಪುಸ್ತಕಗಳನ್ನು ತರಕಾರಿ ಆರಿಸುವ ಹಾಗೆ ಹಿಚುಕಿ ನೋಡತೊಡಗಿದೆ. ಎಲ್ಲದರಲ್ಲೂ ಒಂದೇ ಪುಟ್ಟ ಊರು. ಒಂದು ಹೋಟೆಲು, ಒಬ್ಬ ದನದ ಡಾಕ್ಟರು, ಎಲ್ಲರ ಮನೆಯ ವಿಷಯ ಬಲ್ಲ ಒಬ್ಬ ಮುದುಕಿ. ಪಟ್ಟಣದಿಂದ ವಾಪಸು ಬರುವ ಹೆಣ್ಣು, ಮಾತು ಕಡಿಮೆ ಆಡುವ ಗಂಡು. ಆ ಊರು ನನಗೆ ಚೆನ್ನಾಗಿಯೇ ಗೊತ್ತಿತ್ತು. ಉರಯಾಸುವಿನ ನಮ್ಮ ಕಟ್ಟಡವೇ ಅದು. ಒಂದು ಮನೆಯಲ್ಲಿ ಹೊಸ ರೈಸ್ ಕುಕ್ಕರ್ ಬಂದರೆ ಸಂಜೆಯೊಳಗೆ ಇರುವ ಏಳು ಕನ್ನಡ ಮನೆಗಳಿಗೂ ಅದರ ಬಣ್ಣ ತಿಳಿದಿರುತ್ತಿತ್ತು. ಹಾಗಾಗಿ, ಊರವರು ಒಬ್ಬರನ್ನೊಬ್ಬರು ಕಣ್ಣಿಟ್ಟು ಕಾಯದ ಪುಸ್ತಕ ಬಂದರೆ ಲೇಖಕಿ ಪುಟ್ಟ ಊರಿನಲ್ಲಿ ಬಾಳಿದವಳಲ್ಲ ಎಂದು ಹಿಡಿದುಬಿಡುತ್ತಿದ್ದೆ.

ನಾನೇ ಕಂಡುಕೊಂಡ ಇನ್ನೊಂದು ಸೂತ್ರವೆಂದರೆ ಬೇಲಿ. ಮೊದಲ ಅಧ್ಯಾಯದಲ್ಲಿ ನಾಯಕ ಬೇಲಿ ರಿಪೇರಿ ಮಾಡುತ್ತಾನೆ. ಆಮೇಲೆ ಪ್ರೇಮ ಶುರುವಾದ ಕೂಡಲೇ ಬೇಲಿಯನ್ನು ಮರೆತರೆ ಆ ಪುಸ್ತಕ ಬಿದ್ದಿತೆಂದೇ ಲೆಕ್ಕ. ಬೇಲಿ ಮತ್ತೆ ಮುರಿಯಬೇಕು, ಅವನು ಮತ್ತೆ ಮೊಳೆ ಹೊಡೆಯಬೇಕು, ಪ್ರೇಮ ಆ ಕೆಲಸದ ನಡುವೆ ಸಿಕ್ಕಷ್ಟು ಜಾಗದಲ್ಲಿ ಆಗಬೇಕು. ಕೆಲಸವಿಲ್ಲದ ಕೌಬಾಯ್ ಬರೀ ಟೋಪಿ. ನನ್ನ ಈ ಬೇಲಿ ಸಿದ್ಧಾಂತವನ್ನು ಸಂಪಾದಕಿ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಸೂತ್ರ ಬೇರೆ.

“ಈ ಕಥೆಗಳಲ್ಲಿ ನಾಯಕನಿಗೆ ಒಂದು ಗುಟ್ಟು ಇದ್ದೇ ಇರುತ್ತದೆ,” ಎಂದರು. “ಅದನ್ನು ಅವನೇ ಬಾಯಿಬಿಟ್ಟು ಹೇಳಿದರೆ ಪುಸ್ತಕ ಓಡುತ್ತದೆ. ಅವಳು ಅವನ ಕುದುರೆಯ ಜೀನಿನ ಚೀಲ ತಡಕಿ ಪತ್ರ ತೆಗೆದು ಮುಖಕ್ಕೆ ಎಸೆದರೆ, ಮುಂದಿನ ನೂರು ಪುಟ ಯಾರು ಏನು ಬರೆದರೂ ಅವರಿಬ್ಬರನ್ನು ಒಂದು ಮಾಡಲಾಗುವುದಿಲ್ಲ.”

ಹುಡುಕುವವಳದ್ದೇ ತಪ್ಪು ಎಂಬಂತಿದ್ದ ಆ ಮಾತು ನನಗೆ ಹಿಡಿಸಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಬೆಳೆಸಿದ ಮನೆ ನಮ್ಮದು.

ಹೊಸ ವರ್ಷ ಬಂತು. ಯಾವ ಕಂಪ್ಯೂಟರೂ ಕೆಡಲಿಲ್ಲ. ಇವರು ಜನವರಿಯಲ್ಲೂ ಎಂದಿನಂತೆ ಸೂಟು ಹಾಕಿ, ಬೆಳಿಗ್ಗೆ ಎಂಟಕ್ಕೆ ನಾನು ಕಟ್ಟಿದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ರೈಲು ಹಿಡಿದು ಹೋಗಿ ರಾತ್ರಿ ಎಂಟಕ್ಕೆ ಬರುತ್ತಿದ್ದರು. ಅಲ್ಲಿಯವರೆಗೆ ನನಗೆ ಯಾವ ಅನುಮಾನವೂ ಇರಲಿಲ್ಲ, ಇದು ನನ್ನ ಮಟ್ಟಿಗೆ ದೊಡ್ಡ ಮಾತು. ಅನುಮಾನ ಹುಟ್ಟಿದ್ದು ಡಬ್ಬಿ ತೊಳೆಯುವಾಗ.

ಮಧ್ಯಾಹ್ನಕ್ಕೆ ನಾನು ಕಟ್ಟುತ್ತಿದ್ದದ್ದು ಹುಳಿಯನ್ನ. ಇವರ ಆಫೀಸಿನಲ್ಲಿ ಮೈಕ್ರೋವೇವ್ ಇತ್ತು; ಅದಕ್ಕೆಂದೇ ಸ್ಟೀಲು ಬಿಟ್ಟು ಪ್ಲಾಸ್ಟಿಕ್ ಡಬ್ಬಿ ತಂದಿದ್ದೆವು. ಇಂಗಿನ ವಾಸನೆ ಹರಡಬಾರದೆಂದು ಇವರು ಎಲ್ಲರದ್ದೂ ಆದ ಮೇಲೆ ಕೊನೆಯಲ್ಲಿ ಬಿಸಿ ಮಾಡಿಕೊಳ್ಳುತ್ತಿದ್ದರಂತೆ. ಅನ್ನ ಆರಿದ ಮೇಲೆ ನಾನು ಒಂದು ಮೂಲೆಯಲ್ಲಿ ಒಂದು ಚಮಚ ತುಪ್ಪ ಇಡುತ್ತಿದ್ದೆ, ಅಲ್ಲಿ ಬಿಸಿಗೆ ಕರಗಿ ತಾನೇ ಇಳಿಯಲಿ ಎಂದು. ಡಬ್ಬಿ ವಾಪಸು ಬಂದಾಗ ಒಳಗೆಲ್ಲ ತೆಳ್ಳಗೆ ಜಿಡ್ಡಿರುತ್ತಿತ್ತು. ಜನವರಿಯ ಎರಡನೇ ವಾರ ನೋಡುತ್ತೇನೆ, ತುಪ್ಪ ಇಟ್ಟಲ್ಲೇ ಇದೆ. ಬಿಳೀ ಉಂಡೆ. ಸುತ್ತ ಅನ್ನ ತಿಂದಿದ್ದಾರೆ, ಉಂಡೆಯನ್ನು ಬಿಟ್ಟಿದ್ದಾರೆ.

“ರೀ, ಇವತ್ತು ಊಟ ಬಿಸಿ ಮಾಡ್ಕೊಂಡ್ರಾ?”

“ಹ್ಞೂಂ, ಎರಡು ನಿಮಿಷ ಇಟ್ಟೆ. ಚೆನ್ನಾಗಿತ್ತು.”

ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಉಂಡೆ. ಮೈಕ್ರೋವೇವಿನಲ್ಲಿ ಎರಡು ನಿಮಿಷ ಕೂತು ಕರಗದ ತುಪ್ಪ ಯಾವ ಲೋಕದಲ್ಲಿದೆ? ಮರುದಿನವೂ ಉಂಡೆ. ಅದರ ಮರುದಿನವೂ.

ಅದೇ ವಾರ ಇವರು ಇನ್ನೊಂದು ಕೆಲಸ ಮಾಡಿದರು. “ನೀನು ಓದಿ ಮುಗಿಸಿರೋ ಪುಸ್ತಕ ಯಾವ್ದಾದ್ರೂ ಇದ್ರೆ ಕೊಡೇ, ಟ್ರೇನಲ್ಲಿ ಬೋರ್ ಆಗತ್ತೆ,” ಎಂದರು. ದಿನಪತ್ರಿಕೆಯಲ್ಲಿ ಕ್ರಿಕೆಟ್ ಬಿಟ್ಟು ಏನನ್ನೂ ಓದದ ಮನುಷ್ಯ! ಟೋಪಿ ಹಾಕಿದ ಗಂಡಸು ಅಂಗಿ ಗುಂಡಿ ಬಿಚ್ಚಿಕೊಂಡು ನಿಂತ ಹೊದಿಕೆಯ ಪುಸ್ತಕ ಇವರಿಗೇಕೆ? ಜಪಾನಿನ ಅಂಗಡಿಗಳಲ್ಲಿ ಪುಸ್ತಕ ಕೊಂಡರೆ ಮೇಲೆ ಕಾಗದದ ಹೊದಿಕೆ ಹಾಕಿಕೊಡುತ್ತಾರೆ, ರೈಲಿನಲ್ಲಿ ಯಾರು ಏನು ಓದುತ್ತಿದ್ದಾರೆಂದು ಪಕ್ಕದವರಿಗೆ ತಿಳಿಯದ ಹಾಗೆ. ಅಂಥದ್ದೊಂದು ಹೊದಿಕೆಯನ್ನು ಇವರು ಎಲ್ಲಿಂದಲೋ ತಂದು ನನ್ನ ಕೌಬಾಯ್‌ಗೆ ತೊಡಿಸಿ ಚೀಲಕ್ಕೆ ಹಾಕಿಕೊಂಡರು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿ. ಊಟ ಆಫೀಸಿನಲ್ಲಿ ಆಗುತ್ತಿಲ್ಲ. ಪ್ರಣಯ ಕಾದಂಬರಿ ಹೊರಗೆ ಹೋಗುತ್ತಿದೆ. ಇಂಥ ಪುಸ್ತಕ ಓದುವವರು ಹೆಂಗಸರು. ನಾನು ಓದಿದ ಅಷ್ಟೂ ಕಾದಂಬರಿಗಳು ನನಗೆ ಒಂದೇ ಉತ್ತರ ಹೇಳಿದವು. ಇಂಗ್ಲಿಷ್ ಕಲಿಯಲು ಆಸೆಯಿರುವ ಯಾವಳೋ ಒಬ್ಬಳು, ಆಫೀಸಿನ ಹತ್ತಿರದ ಯಾವುದೋ ಪಾರ್ಕು, ನನ್ನ ಹುಳಿಯನ್ನದ ಅರ್ಧ ಪಾಲು ಅವಳಿಗೆ.

ಪುಸ್ತಕ ವಾಪಸು ಬಂದಾಗ ಪುಟ ಪುಟವನ್ನೂ ಬೆಳಕಿಗೆ ಹಿಡಿದೆ. ಚೀಟಿಯಿಲ್ಲ, ಕೂದಲಿಲ್ಲ, ಸೆಂಟಿನ ವಾಸನೆಯಿಲ್ಲ. ನೂರಾ ನಾಲ್ಕನೇ ಪುಟದಲ್ಲಿ ಹುಳಿಯ ಹೆಬ್ಬೆಟ್ಟಿನ ಗುರುತು ಮಾತ್ರ ಇತ್ತು, ಅರಿಶಿನ ಬಣ್ಣದ್ದು. ಆಫೀಸಿನಲ್ಲಿ ಇವರು ಚಮಚದಲ್ಲಿ ತಿನ್ನುತ್ತಾರೆ. ಕೈಯಲ್ಲಿ ತಿನ್ನುವುದು ಮನೆಯಲ್ಲಿ, ಇಲ್ಲವೇ ತೀರಾ ಹತ್ತಿರದವರ ಎದುರಿಗೆ.

ಫೆಬ್ರವರಿಯ ಒಂದು ಬುಧವಾರ ಇವರ ಹಿಂದೆಯೇ ಹೊರಟೆ. ಚಳಿಗಾಲದಲ್ಲಿ ಅರ್ಧ ಊರು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತದೆ. ನನಗೆ ಅದಕ್ಕಿಂತ ಒಳ್ಳೆಯ ಮರೆ ಬೇಕಿರಲಿಲ್ಲ. ಅದೇ ರೈಲಿನ ಪಕ್ಕದ ಬೋಗಿ ಹತ್ತಿದೆ. ಆಫೀಸಿಗೆ ಮುಕ್ಕಾಲು ಗಂಟೆ ಪ್ರಯಾಣ. ಇವರು ಮುಂದಿನ ನಿಲ್ದಾಣದಲ್ಲೇ ಇಳಿದರು. ಸಿಕ್ಕಿಬಿದ್ದೆಯಲ್ಲ ಮಹರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾನೂ ಇಳಿದೆ. ಅವಳಿಗೆ ಏನು ಹೇಳಬೇಕೆಂದು ಜಪಾನಿಯಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಮೊದಲನೆಯದು ‘ಸುಮಿಮಾಸೆನ್’ ಎಂದೇ ಶುರುವಾಗುತ್ತಿತ್ತು. ಜಗಳಕ್ಕೂ ಅಲ್ಲಿ ಕ್ಷಮೆ ಕೇಳಿಯೇ ಇಳಿಯಬೇಕು.

ಇವರು ನಡೆದು ಹೋಗಿ ಒಂದು ಲೈಬ್ರರಿಯ ಮುಂದೆ ನಿಂತರು. ಬಾಗಿಲು ಇನ್ನೂ ತೆಗೆದಿರಲಿಲ್ಲ. ಹನ್ನೆರಡೋ ಹದಿಮೂರೋ ಜನ ಗಂಡಸರು ಸಾಲಾಗಿ ನಿಂತಿದ್ದರು. ಎಲ್ಲರೂ ಸೂಟು ಹಾಕಿದವರು, ಎಲ್ಲರ ಕೈಯಲ್ಲೂ ಆಫೀಸಿನ ಚೀಲ. ಒಬ್ಬರೂ ಮಾತಾಡುತ್ತಿರಲಿಲ್ಲ. ಇವರು ಕೊನೆಯಲ್ಲಿ ನಿಂತು ಮುಂದಿನವನಿಗೆ ತಲೆ ಬಾಗಿಸಿದರು, ಅವನೂ ಬಾಗಿಸಿದ. ದಿನವೂ ನೋಡುವವರ ಹಾಗೆ.

ಆಗಲೂ ನನಗೆ ಅರ್ಥವಾಗಲಿಲ್ಲ. ಅವಳು ಒಳಗೆ ಕೆಲಸ ಮಾಡುವವಳಿರಬೇಕು ಎಂದುಕೊಂಡೆ. ಎದುರಿನ ಕೊಂಬಿನಿಯಲ್ಲಿ, ಅಂದರೆ ಹಗಲಿರುಳು ತೆರೆದಿರುವ ಅಂಗಡಿಯಲ್ಲಿ, ಪತ್ರಿಕೆ ತಿರುವುತ್ತಾ, ಡಬ್ಬಿ ಕಾಫಿ ಎರಡು ಸಲ ಕುಡಿದು ಮಧ್ಯಾಹ್ನದವರೆಗೆ ಕಾದೆ. ಹನ್ನೆರಡೂವರೆಗೆ ಇವರು ಒಬ್ಬರೇ ಹೊರಬಂದರು. ಒಳಗೆ ತಿನ್ನುವಂತಿಲ್ಲವಲ್ಲ, ಪಕ್ಕದ ಕಲ್ಲು ಬೆಂಚಿನಲ್ಲಿ ಕೂತರು. ಡಬ್ಬಿ ತೆಗೆದರು. ಕೌಬಾಯ್ ಪುಸ್ತಕ ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಅದರ ಅಂಚಿನ ಮೇಲೆ ದಪ್ಪನೆಯ ಜಾವಾ ಪ್ರೋಗ್ರಾಮಿಂಗ್ ಪುಸ್ತಕ ಹೇರಿದರು. ಓದುತ್ತಾ, ತಣ್ಣನೆಯ ಹುಳಿಯನ್ನವನ್ನು ಕೈಯಲ್ಲಿ ಕಲೆಸಿ, ತುಪ್ಪದ ಉಂಡೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ತಿಂದರು. ಯಾರೂ ಬರಲಿಲ್ಲ.

ಆಗ ತಿಳಿಯಿತು. ಇಸವಿ ತಿದ್ದಿ ಮುಗಿದಿತ್ತು. ತಿದ್ದುವವರು ಇನ್ನು ಯಾರಿಗೂ ಬೇಕಾಗಿರಲಿಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೆಂಗಸೊಬ್ಬಳಿದ್ದಿದ್ದರೆ ಆಡಲು ಎರಡು ವಾಕ್ಯವಾದರೂ ಇತ್ತು. ಇದಕ್ಕೆ ಏನು ಹೇಳಲಿ? ಬೆಂಚಿನ ಹತ್ತಿರ ಹೋಗಿ ಮುಂದೆ ನಿಲ್ಲಬೇಕೆಂದು ಎರಡು ಹೆಜ್ಜೆ ಇಟ್ಟೆ. ಜೀನಿನ ಚೀಲ ತಡಕಿದವಳ ಪುಸ್ತಕ ನಿಲ್ಲುವುದಿಲ್ಲ ಎಂಬ ಸಂಪಾದಕಿಯ ಮಾತು ನೆನಪಾಯಿತು. ಸೂಟು ಹಾಕಿ ಬೆಂಚಿನಲ್ಲಿ ಕೂತ ಗಂಡಸಿನ ಎದುರು ಹೆಂಡತಿ ಬಂದು ನಿಂತರೆ ಆಮೇಲೆ ಅವನು ಮನೆಯಲ್ಲಿ ತಲೆಯೆತ್ತಿ ಹೇಗೆ ಕೂತಾನು? ತಿರುಗಿ ಬಂದೆ.

ಇವರೇ ಹೇಳಲಿ ಎಂದು ತೀರ್ಮಾನಿಸಿದೆ. ಯುಗಾದಿಯವರೆಗೆ ಗಡುವು. ಅಷ್ಟರೊಳಗೆ ಬಾಯಿಬಿಟ್ಟು ಹೇಳದಿದ್ದರೆ ನಾನು ಬೆಂಗಳೂರಿಗೆ ಹೊರಡುವುದು, ಮತ್ತೆ ಬರದಿರುವುದು. ಕೆಲಸ ಹೋದದ್ದು ನನಗೆ ಅಂಥ ದೊಡ್ಡದಾಗಿ ಕಾಣಲಿಲ್ಲ, ನಿಜವಾಗಿ ಹೇಳುತ್ತೇನೆ. ಖರ್ಚಿಗೆ ಕೊಡುವುದನ್ನು ಉಳಿತಾಯದಿಂದ ತೆಗೆದು ಕೊಡುತ್ತಿದ್ದರು, ಅದೂ ಹೋಗಲಿ. ಆದರೆ ರಾತ್ರಿ ಊಟಕ್ಕೆ ಕೂತು, “ಇವತ್ತು ಮೀಟಿಂಗು ನಾಲ್ಕು ಗಂಟೆ ಎಳೀತು, ಮ್ಯಾನೇಜರ್-ಸಾನ್ ಬಿಡಲೇ ಇಲ್ಲ,” ಎಂದು ಇವರು ಹೇಳುತ್ತಿದ್ದ ರೀತಿ! ತಡೆಯಿಲ್ಲ, ತೊದಲಿಲ್ಲ. ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ಮನುಷ್ಯ ಹುಡುಗಿ ನೋಡಲು ಬಂದ ದಿನದಿಂದ ಇನ್ನೇನೇನು ಹೇಳಿರಬಹುದು? ಮದುವೆಯಾಗಿ ವರ್ಷ ತುಂಬಿತ್ತು ಅಷ್ಟೆ. ಒಬ್ಬರನ್ನೊಬ್ಬರು ನಂಬಲು ನಮ್ಮ ಹತ್ತಿರ ಬೇರೆ ಆಧಾರವೇ ಇರಲಿಲ್ಲ.

ಒಂದೇ ಒಂದು ಬದಲಾವಣೆ ಮಾಡಿದೆ. ಹುಳಿಯನ್ನ ಕಟ್ಟುವುದನ್ನು ನಿಲ್ಲಿಸಿದೆ. ತಣ್ಣಗೆ ತಿಂದರೂ ಗಂಟಲಲ್ಲಿ ಇಳಿಯುವಂಥದ್ದು ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ. ತುಪ್ಪ ಬಂದ್. ಇವರು ಏನೂ ಕೇಳಲಿಲ್ಲ. ಡಬ್ಬಿ ಖಾಲಿಯಾಗಿ ಬರುತ್ತಿತ್ತು, ಮೀಟಿಂಗಿನ ಕಥೆಗಳೂ ತಪ್ಪದೆ ಬರುತ್ತಿದ್ದವು.

ಮಾರ್ಚಿನಲ್ಲಿ ಒಂದು ಪುಸ್ತಕ ಬಂತು. ಅದರ ನಾಯಕ ಜಮೀನು ಮಾರಿಹೋದದ್ದನ್ನು ಮುಚ್ಚಿಟ್ಟು ದಿನಾ ಬೆಳಿಗ್ಗೆ ಕುದುರೆ ಹತ್ತಿ ಹೋಗಿ ಹೊಳೆಯ ದಂಡೆಯಲ್ಲಿ ಕೂರುತ್ತಾನೆ. ನಾನು ವರದಿಯಲ್ಲಿ ಬೆಂಕಿ ಕಾರಿದೆ. ಹೇಡಿ, ಠಕ್ಕ, ಇಂಥವನಿಗೆ ಹೆಣ್ಣು ಯಾಕೆ, ಕುದುರೆಯೂ ಯಾಕೆ ಎಂದು ಬರೆದು, ಕಾಗದ ಹರಿಯುವ ಹಾಗೆ ಕತ್ತರಿ ಗುರುತು ಎಳೆದೆ.

ಸಂಪಾದಕಿ ಅದನ್ನು ಎರಡು ಸಲ ಓದಿದರು. “ನೀವು ಯಾವ ಪುಸ್ತಕದ ಮೇಲೂ ಇಷ್ಟು ಸಿಟ್ಟಾದವರಲ್ಲ,” ಎಂದು ಹಸಿರು ಚಹಾ ಮುಂದಿಟ್ಟರು. ಆಮೇಲೆ, ತಮ್ಮ ಚಹಾ ಬಟ್ಟಲನ್ನು ನೋಡುತ್ತಾ, “ಇದು ಇಲ್ಲಿ ಓಡುತ್ತದೆ. ನಮ್ಮ ಯಜಮಾನರೂ ಎಂಟು ತಿಂಗಳು ಹೀಗೇ ಹೋದರು. ಕಂಪನಿ ಬಾಗಿಲು ಹಾಕಿದ ವಿಷಯ ನನಗೆ ಎರಡನೇ ವಾರಕ್ಕೇ ತಿಳಿದಿತ್ತು. ದಿನವೂ ಊಟದ ಡಬ್ಬಿ ಕಟ್ಟಿದೆ,” ಎಂದರು.

“ಆಮೇಲೆ ಹೇಳಿದರಾ?”

“ಬೇರೆ ಕೆಲಸ ಸಿಕ್ಕಿತು. ಹೇಳುವ ಅಗತ್ಯ ಬೀಳಲಿಲ್ಲ.”

“ನೀವು?”

“ನಾನೂ ಹೇಳಲಿಲ್ಲ. ಏಳು ವರ್ಷವಾಯಿತು.”

ಅದನ್ನು ಅವರು ಸಮಾಧಾನದಿಂದ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ನನ್ನ ಕತ್ತರಿ ಗುರುತಿನ ಪಕ್ಕ ತಮ್ಮ ಕೆಂಪು ಪೆನ್ನಿನಿಂದ ನಿಧಾನವಾಗಿ ಒಂದು ವೃತ್ತ ಬರೆದರು. ಸಂಸಾರ ಗುಟ್ಟು ಎಂದು ನಮ್ಮಲ್ಲೂ ಹೇಳುತ್ತಾರೆ, ಆದರೆ ಅದು ಊರವರಿಗೆ ತಿಳಿಯದಿರಲಿ ಎಂಬ ಗುಟ್ಟು. ಗಂಡ ಹೆಂಡತಿ ಎದುರು ಬದುರು ಕೂತು ಏಳು ವರ್ಷ ಒಬ್ಬರಿಂದೊಬ್ಬರು ಮುಚ್ಚಿಡುವ ಗುಟ್ಟಲ್ಲ. ನಾನು ಹಾಗೆ ಬದುಕಲಾರೆ. ಬೇಕಾದರೆ ಪುಸ್ತಕ ಬೀಳಲಿ.

ಆ ಸಂಜೆ ಇವರು ಬಂದು ಶೂ ಬಿಚ್ಚುತ್ತಿದ್ದ ಹಾಗೇ, ಯುಗಾದಿಗೆ ಇನ್ನೂ ಮೂರು ವಾರ ಇರುವಾಗಲೇ, ಕೇಳಿಬಿಟ್ಟೆ.

“ರೀ, ಆ ಲೈಬ್ರರಿ ಎಷ್ಟು ಗಂಟೆಗೆ ತೆಗೀತಾರೆ?”

ಒಂದು ಶೂ ಕೈಯಲ್ಲೇ ಉಳಿಯಿತು. ಇವರು ತಲೆಯೆತ್ತಲಿಲ್ಲ. “ಒಂಬತ್ತಕ್ಕೆ,” ಎಂದರು.

ಅಷ್ಟು ಬೇಗ ಉತ್ತರ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇವರೂ ಬಂದು ಎದುರಿಗೆ ಕೂತರು, ಒಂದು ಕಾಲಲ್ಲಿ ಶೂ ಇರುವಂತೆಯೇ. ಜಪಾನಿನ ಮನೆಯೊಳಗೆ ಇವರು ಶೂ ಹಾಕಿ ಬಂದದ್ದು ಅದೊಂದೇ ಸಲ.

“ನಿಂಗೆ ಗೊತ್ತಿದೆ ಅಂತ ಗೊತ್ತಿತ್ತು,” ಎಂದರು. “ನೀನು ಹುಳಿಯನ್ನ ಕಟ್ಟೋದು ಬಿಟ್ಟ ದಿನಾನೇ ಗೊತ್ತಾಯ್ತು. ತಿಂಗಳುಗಟ್ಟಲೆ ಅದೇ ಕಟ್ಟಿ, ಇದ್ದಕ್ಕಿದ್ದ ಹಾಗೆ ಎಲ್ಲಾ ಕೋಲ್ಡ್ ಐಟಮ್ಸು.”

ಐದು ವಾರ! ಐದು ವಾರದಿಂದ ನಾನು ಬಲ್ಲೆನೆಂದು ಇವರು ಬಲ್ಲರು. “ಮತ್ತೆ ದಿನಾ ಮೀಟಿಂಗು ಮೀಟಿಂಗು ಅಂತ ಕಥೆ ಹೊಡೀತಿದ್ರಲ್ಲ! ಯಾಕೆ ಹೇಳ್ತಿದ್ರಿ?”

“ನೀನು ಕೇಳಿಸ್ಕೊಳ್ತಿದ್ದೆಯಲ್ಲ,” ಎಂದರು. “ಹ್ಞೂಂ, ಆಮೇಲೆ? ಅಂತಿದ್ದೆ. ಹೇಳೋಣ ಅಂತ ಬೆಳಿಗ್ಗೆ ಬಾಗಿಲ ಹತ್ರ ಎಷ್ಟು ಸಲ ನಿಂತೆ ಗೊತ್ತಾ? ನೀನು ಡಬ್ಬಿ ಕೈಗೆ ಕೊಡ್ತಿದ್ದೆ. ತಗೊಂಡು ಹೋಗ್ತಿದ್ದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನೇ ಆಗಿದ್ದೆ. ನಾಟಕ ಒಬ್ಬರೇ ಆಡಲಾಗುವುದಿಲ್ಲ.

“ಹೋಗಲಿ, ಆ ಕೌಬಾಯ್ ಪುಸ್ತಕ ಯಾಕೆ ತಗೊಂಡು ಹೋಗ್ತಿದ್ರಿ?”

ಇವರು ಶೂ ಕಡೆ ನೋಡಿದರು. “ಮೊದಮೊದಲು ನಗು ಬರ್ತಿತ್ತು. ಆಮೇಲೆ ಹೊಟ್ಟೆಕಿಚ್ಚಾಯ್ತು ಕಣೇ. ಅವನ ಜಮೀನು ಹೋಗತ್ತೆ, ಹುಡುಗಿ ಬಿಟ್ಟು ಹೋಗ್ತಾಳೆ, ಏನಾದ್ರೂ ಆಗ್ಲಿ, ಬೆಳಿಗ್ಗೆ ಎದ್ದರೆ ಕಟ್ಟೋಕೆ ಅವನಿಗೊಂದು ಬೇಲಿ ಇರತ್ತೆ.”

ನನ್ನ ಬೇಲಿ ಸಿದ್ಧಾಂತವನ್ನು ನಾನು ಇವರಿಗೆ ಎಂದೂ ಹೇಳಿರಲಿಲ್ಲ. ನಾನು ಬಿಸಿ ಕೋಣೆಯಲ್ಲಿ ಕೂತು ಗುರುತು ಹಾಕಲು ಕಂಡುಕೊಂಡದ್ದನ್ನು ಇವರು ಆ ಕಲ್ಲು ಬೆಂಚಿನಲ್ಲಿ ಕಂಡುಕೊಂಡಿದ್ದರು. ಆಗ ಅಳು ಬಂತು, ಅಡಗಿಸಲಿಲ್ಲ.

ಅಳುತ್ತಾ ಇದ್ದರೂ ನನ್ನ ಬುದ್ಧಿ ನನ್ನದೇ. ಲೈಬ್ರರಿಯ ಬಾಗಿಲಿನ ಬೋರ್ಡು ಕಣ್ಣಿಗೆ ಕಟ್ಟಿತ್ತು. ಮೂಗು ಒರೆಸಿಕೊಂಡು ಕೇಳಿದೆ. “ಸೋಮವಾರ ಅದಕ್ಕೆ ರಜಾ ಅಲ್ವಾ? ಸೋಮವಾರ ಎಲ್ಲಿಗೆ ಹೋಗ್ತಿದ್ರಿ?”

ಇವರು ತಡೆದು ತಡೆದು ಹೇಳಿದರು. “ಯಮನೋತೆ ಲೈನು. ಟೋಕಿಯೋ ಸುತ್ತ ರೌಂಡ್ ಹಾಕ್ತಾ ಇರತ್ತೆ, ಎಲ್ಲೂ ಇಳಿಸಲ್ಲ. ಸೀಟಿನ ಕೆಳಗಿಂದ ಬಿಸಿ ಬರತ್ತೆ.”

ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಇವರು ಬಾಗಿಲ ಹತ್ತಿರ ನಿಂತು ಕೈ ಚಾಚಿದಾಗ ನಾನು ಡಬ್ಬಿ ಕೊಡಲಿಲ್ಲ. ನನ್ನ ಚೀಲಕ್ಕೇ ಹಾಕಿಕೊಂಡು, ಎರಡು ಕೌಬಾಯ್ ಪುಸ್ತಕಗಳಿಗೆ ಹೊದಿಕೆ ಹಾಕಿ, ಚಪ್ಪಲಿ ಮೆಟ್ಟಿ ಮುಂದೆ ನಡೆದೆ. ಒಂದು ಸುತ್ತಿಗೆ ಒಂದು ಗಂಟೆ. ಮೂರು ಸುತ್ತು ಹಾಕಿದೆವು. ಸೀಟಿನ ಕೆಳಗಿಂದ ಬಿಸಿ ಬರುತ್ತಿದ್ದುದು ನಿಜ, ಕೈಯಿಟ್ಟು ನೋಡಿದೆ.